ಹೇಳಿದ ವಾರ ತಪ್ಪಿಸಬೇಡ, ಮಗಳೇ

ಶಹಾಪುರ

ಮಗಳೇ, ನಿನಗೆ ಚಿಕ್ಕವ್ವನ ಆಶೀರ್ವಾದ.

ನಿಮ್ಮ ಅವ್ವ ಫೋನಿನಲ್ಲಿ ಎಲ್ಲ ಹೇಳಿದಳು. ತಮ್ಮನನ್ನು ಕಲಬುರಗಿ ಸೆಂಟ್ರಲ್ ಜೈಲಿಗೆ ಹಾಕಿದ್ದಾರೆ, ನೀನು ಒಮ್ಮೆ ನೋಡಿ ಬಂದವಳು ಮತ್ತೆ ಹೋಗಿಲ್ಲ, ಹುಮನಾಬಾದಿನಲ್ಲಿ ಜನರ ಬಾಯಿಗೆ ಅಂಜಿ ಹೊಸ್ತಿಲು ದಾಟುತ್ತಿಲ್ಲ ಅಂತ. ಫೋನಿನಲ್ಲಿ ಮಾತಾಡಿದರೆ ನೀನೂ ಅಳುತ್ತೀ, ನಾನೂ ಅಳುತ್ತೇನೆ, ಹೇಳಬೇಕಾದದ್ದು ಉಳಿದೇ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಕೋರ್ಟು ನೋಡಲಿ. ಮಾಡಿದ್ದರೂ ಅವನು ನಿನ್ನ ತಮ್ಮನೇ. ನಾಚಿಕೆ ಬಿಟ್ಟು ಹೋಗು. ಜೈಲಿನ ಗೇಟಿನ ಮುಂದೆ ನಿಂತ ಹೆಂಗಸರಲ್ಲಿ ಯಾರೂ ಯಾರನ್ನೂ ಹೀನಾಯವಾಗಿ ನೋಡುವುದಿಲ್ಲ. ನಿಮ್ಮ ಕಾಕಾ ಒಳಗಿದ್ದಾಗ ನನಗೆ ಧೈರ್ಯ ಕೊಟ್ಟವರು ಅದೇ ಸಾಲಿನಲ್ಲಿ ನಿಂತವರು. ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೈಗಿಟ್ಟವರೂ ಇದ್ದರು.

ಎಲ್ಲಕ್ಕಿಂತ ದೊಡ್ಡ ಮಾತು ಇದು. ಯಾವ ವಾರ ಬರುತ್ತೇನೆ ಅಂತ ಹೇಳುತ್ತೀಯೋ ಆ ವಾರ ಹೋಗಬೇಕು. ಒಳಗಿದ್ದವರಿಗೆ ಅಮಾಸಿ ಇಲ್ಲ, ಹುಣ್ಣಿಮೆ ಇಲ್ಲ. ಮನೆಯವರು ಭೇಟಿಗೆ ಬರುವ ಮುಲಾಕಾತ್ ದಿನವೇ ಹಬ್ಬ. ನಿಮ್ಮ ಕಾಕಾ ಹೊರಗೆ ಬಂದ ಮೇಲೆ ಹೇಳಿದರು: ಆ ದಿನ ಬೆಳಿಗ್ಗೆಯೇ ಜನ ಗಡ್ಡ ಮಾಡಿಕೊಂಡು, ಒಗೆದಿಟ್ಟ ಅಂಗಿ ಹಾಕಿಕೊಂಡು, ಹೆಸರು ಕೂಗುವುದನ್ನೇ ಕಿವಿಗೊಟ್ಟು ಕೇಳುತ್ತಾ ಕೂತಿರುತ್ತಾರಂತೆ. ಹೆಸರು ಬರದವನು ಸಂಜೆ ತಾಟು ಮುಂದಿಟ್ಟುಕೊಂಡು ಹಾಗೇ ಕೂತಿರುತ್ತಾನಂತೆ. ವಾರವಾರ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಅಂತಲೇ ಹೇಳು. ಆದರೆ ಹೇಳಿದ್ದನ್ನು ನಡೆಸು.

ಹುಮನಾಬಾದಿನಿಂದ ಕಮಲಾಪುರದ ಮೇಲೆ ಬಸ್ಸುಗಳಿವೆ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾದಾ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡೇ ಜೈಲಿನ ಗೇಟಿನಲ್ಲೂ ಬೇಕು. ಅಸಲು ಕಾರ್ಡು, ಎರಡು ಜೆರಾಕ್ಸು ಜೊತೆಗಿರಲಿ. ಬೆಳಿಗ್ಗೆ ಬೇಗ ಹೋಗಿ ಹೆಸರು ಬರೆಸು. ಹೋಗಲಿಕ್ಕೆ ಆಗದ ವಾರಕ್ಕೆ ಇ-ಮುಲಾಕಾತ್ ಅಂತ ಇದೆ. ಸರಕಾರದ ವೆಬ್‌ಸೈಟಿನಲ್ಲಿ ಮೊದಲೇ ಹೆಸರು ಹಾಕಬೇಕು. ಜೈಲಿನವರು ಒಪ್ಪಿದರೆ ವಿಡಿಯೋದಲ್ಲಿ ಮುಖ ನೋಡಿ ಮಾತಾಡಬಹುದು. ನಿಮ್ಮ ಅವ್ವನ ಮೊಣಕಾಲು ನೋವಿಗೆ ಇದೇ ಅನುಕೂಲ. ಅಕ್ಕಪಕ್ಕದ ಕಾಲೇಜು ಹುಡುಗರು ಮಾಡಿಕೊಡುತ್ತಾರೆ, ಕೇಳು.

ಇನ್ನು ಅಲ್ಲಿ ಏನು ಮಾತಾಡುವುದು ಅಂತ ನಿನಗೆ ಚಿಂತೆ ಅಲ್ವಾ? ಮನೆಯ ಮಾತು ಆಡು. ನಿಮ್ಮ ಕಾಕಾನ ಮುಂದೆ ನಾನು ಮೊದಮೊದಲು ಸುಮ್ನೆ ನಿಂತುಬಿಡುತ್ತಿದ್ದೆ. ಸುತ್ತಲೂ ಎಲ್ಲರೂ ಕೂಗಿ ಮಾತಾಡುತ್ತಿರುತ್ತಾರೆ, ಏನೂ ತೋಚುವುದಿಲ್ಲ. ಒಂದು ಸಲ ಕೇಳಿದೆ: "ತೊಗರಿ ರಾಶಿ ಆಗ್ಯಾದ. ಈಗೇ ಮಾರಲ್ಯಾ, ರೇಟು ಏರೋತನ ಇಡಲ್ಯಾ?" ತಲೆ ಬಗ್ಗಿಸಿಕೊಂಡು ನಿಂತಿದ್ದ ಮನುಷ್ಯ ಒಮ್ಮೆಲೇ ಮುಖ ಎತ್ತಿದರು. ಎಷ್ಟು ಚೀಲ ಆಯ್ತು, ಕಾಳು ಒಣಗಿದೆಯಾ, ಅಡತಿಯವನು ಏನಂದ ಅಂತ ಕೇಳಿದ್ದೇ ಕೇಳಿದ್ದು. ಅರ್ಧ ಮಾರು, ಅರ್ಧ ಇಡು ಅಂದರು. ಹಾಗೇ ಮಾಡಿದೆ, ಮುಂದಿನ ಸಲ ಲೆಕ್ಕ ಒಪ್ಪಿಸಿದೆ. ತಮ್ಮನನ್ನೂ ಹೀಗೇ ಕೇಳು. ಸೋಯಾ ಬೀಜ ಯಾವುದು ತರಲಿ, ಎಮ್ಮೆ ಮಾರಲಾ ಬೇಡವಾ ಅಂತ. ಬರೀ ಸಮಾಧಾನ ಹೇಳಿಸಿಕೊಂಡು ಅವನಿಗೆ ಬೇಸರ ಬಂದಿರುತ್ತದೆ.

"ಮುಂದಿನ ತಿಂಗಳು ಬಿಡುಗಡೆ ಆಗ್ತೀ" ಅಂತ ಮಾತ್ರ ಹೇಳಬೇಡ. ತಾರೀಖು ನಮ್ಮ ಕೈಯಲ್ಲಿಲ್ಲ. ಅದು ಸುಳ್ಳಾದಾಗ ಅವನು ನಿನ್ನ ಬೇರೆ ಮಾತನ್ನೂ ನಂಬುವುದಿಲ್ಲ. ಕೇಸಿನ ಒಳಗಿನ ಸಂಗತಿಯನ್ನೂ ಅಲ್ಲಿ ತೆಗೆಯಬೇಡ, ಕಾಗದದಲ್ಲೂ ಬರೆಯಬೇಡ. ಕಾಗದವನ್ನು ಜೈಲಿನವರು ಓದಿಯೇ ಕೊಡುತ್ತಾರೆ. ಅದನ್ನು ವಕೀಲರ ಹತ್ತಿರ ಮಾತ್ರ ಆಡಬೇಕು.

ಆದರೂ ಕಾಗದ ಬರಿ. ಮುಲಾಕಾತ್ ಮಾತು ಅಲ್ಲಿಗೇ ಮುಗಿಯುತ್ತದೆ, ಕಾಗದ ದಿಂಬಿನ ಕೆಳಗಿರುತ್ತದೆ. ಎಳ್ಳ ಅಮಾಸಿಗೆ ಹೊಲಕ್ಕೆ ಯಾರು ಯಾರು ಬಂದಿದ್ದರು, ಭಜ್ಜಿಗೆ ಉಪ್ಪು ಜಾಸ್ತಿ ಆಗಿತ್ತಾ, ಇಂಥದ್ದೇ ಬರಿ.

ಏನು ಒಯ್ಯಬಹುದು ಅಂತ ಗೇಟಿನಲ್ಲೇ ಕೇಳಿಕೋ. ವಿಚಾರಣೆಯಲ್ಲಿರುವವರು ಮನೆಯ ಬಟ್ಟೆ ಹಾಕಿಕೊಳ್ಳಬಹುದು. ಕ್ಯಾಂಟೀನಿಗೆ ಅಂತ ಅವನ ಹೆಸರಿಗೆ ದುಡ್ಡು ಕಟ್ಟಬಹುದು, ರಸೀದಿ ತೆಗೆದುಕೋ. ಬೇರೆ ಯಾರೋ ಬಂದು "ಒಳಗೆ ಮುಟ್ಟಿಸ್ತೀನಿ, ಕೊಡು" ಅಂದರೆ ಒಂದು ರೂಪಾಯಿಯೂ ಕೊಡಬೇಡ. ತಮ್ಮನೇ ಅತ್ತು ಕೇಳಿದರೂ ಫೋನು, ಸಿಮ್, ತಂಬಾಕು ಒಯ್ಯಬೇಡ. ಸಿಕ್ಕಿಬಿದ್ದರೆ ನಿನ್ನ ಮೇಲೂ ಕೇಸು, ಅವನ ಮುಲಾಕಾತ್‌ಗೂ ಸಂಚಕಾರ.

ವಕೀಲರ ಫೀಸಿಗೆ ನಿಮ್ಮ ಅವ್ವ ಬಂಗಾರ ಅಡ ಇಡುವ ಮಾತಾಡಿದಳು. ತಡೆ. ಜೈಲಿನಲ್ಲಿರುವವರಿಗೆ ಸರಕಾರವೇ ಪುಕ್ಕಟೆ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನೇ ಇದೆ, ಆದಾಯ ಎಷ್ಟು ಅಂತ ನೋಡುವುದಿಲ್ಲ. ಜಿಲ್ಲಾ ಕೋರ್ಟಿಗೆ ಹೋಗಿ ಕಾನೂನು ಸೇವಾ ಪ್ರಾಧಿಕಾರ ಎಲ್ಲಿ ಅಂತ ಕೇಳು. ಇಲ್ಲವೇ 15100ಕ್ಕೆ ಫೋನು ಮಾಡು. ಕೆಳಗೆ ಬೇಲ್ ಸಿಗದಿದ್ದರೆ ಬೆಂಗಳೂರಿಗೆ ಓಡಬೇಕಿಲ್ಲ. 2008ರಿಂದ ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆ.

ಇನ್ನೊಂದು ವಿಷಯ ವಕೀಲರನ್ನು ಕೇಳು. 2024ರ ಜುಲೈಯಿಂದ ಬಂದ ಹೊಸ ಕಾನೂನಿನಲ್ಲಿ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗದವನು ಆ ಅಪರಾಧಕ್ಕಿರುವ ಹೆಚ್ಚಿನ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣೆಯಲ್ಲೇ ಒಳಗೆ ಕಳೆದಿದ್ದರೆ, ಬಾಂಡ್ ಮೇಲೆ ಬಿಡಬೇಕು ಅಂತಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅಂತ ಆ ಕಾನೂನಿನ ಹೆಸರು, ಸೆಕ್ಷನ್ 479. ಮರಣದಂಡನೆ, ಜೀವಾವಧಿ ಆಗಬಹುದಾದ ಕೇಸಿಗೆ ಇದು ಬರುವುದಿಲ್ಲ, ಒಂದಕ್ಕಿಂತ ಜಾಸ್ತಿ ಕೇಸಿದ್ದರೂ ಇಲ್ಲ. ಕೋರ್ಟಿಗೆ ಅರ್ಜಿ ಹಾಕುವುದು ಜೈಲು ಸೂಪರಿಂಟೆಂಡೆಂಟರ ಕೆಲಸ. ಆದರೂ ನೆನಪು ಮಾಡುವವರು ಹೊರಗೊಬ್ಬರು ಇರಬೇಕು.

ಬೇಲ್ ಆರ್ಡರ್ ಆದರೂ ಶ್ಯೂರಿಟಿ ಇಲ್ಲದೆ ಒಳಗೇ ಉಳಿದವರನ್ನು ನಾನು ಕಂಡಿದ್ದೇನೆ. ಪಹಣಿ ಇಟ್ಟು ಜಾಮೀನು ನಿಲ್ಲುವವರು ಯಾರು ಅಂತ ಈಗಲೇ ಗೊತ್ತು ಮಾಡಿಟ್ಟುಕೋ. ನಿಮ್ಮ ಕಾಕಾ ನಿಲ್ಲುತ್ತೇನೆ ಅಂದಿದ್ದಾರೆ. ಇನ್ನೊಬ್ಬರು ಬೇಕಾಗಬಹುದು, ನಿಮ್ಮ ಸೋದರಮಾವನನ್ನು ಕೇಳು.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಹೊಲಿಗೆ ಕೆಲಸ ಬಿಡಬೇಡ. ಯಾರಾದರೂ ಕೆದಕಿ ಕೇಳಿದರೆ "ಕೇಸು ನಡೆದಾದ" ಅಂತ ಅಷ್ಟೇ ಹೇಳಿ ಮುಂದೆ ನಡೆ.

ಈ ವಾರ ಹೋದಾಗ ಅವನ ಕೇಸ್ ನಂಬರ್, ಮುಂದಿನ ತಾರೀಖು ಬರೆದುಕೊಂಡು ನನಗೆ ಕಳಿಸು. ಆ ತಾರೀಖಿಗೆ ನಾನೂ ನಿಮ್ಮ ಕಾಕಾನೂ ಶಹಾಪುರದಿಂದ ಕಲಬುರಗಿ ಕೋರ್ಟಿಗೆ ಬರುತ್ತೇವೆ. ಅವ್ವನನ್ನು ಕರೆತರಬೇಡ, ಬಿಸಿಲಲ್ಲಿ ದಿನವೆಲ್ಲ ನಿಲ್ಲಲಿಕ್ಕೆ ಅವಳಿಗೆ ಆಗುವುದಿಲ್ಲ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ನಾನು ಕಟ್ಟಿಕೊಂಡು ಬರುತ್ತೇನೆ.

ನಿನ್ನ
ಚಿಕ್ಕವ್ವ