ಒಂದು ಅಂಕಿಯ ಮೇಲೆ ನಿಂತ ನಿರುದ್ಯೋಗ ಭತ್ಯೆ

ಮಾನ್ಯರೇ,

ಪೀಣ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ 14 ವರ್ಷ ಶರ್ಟಿನ ಕಾಲರ್ ಹೊಲಿದವಳು ನಾನು. ಆರ್ಡರ್ ಇಲ್ಲವೆಂದು ನಮ್ಮ ಲೈನನ್ನೇ ತೆಗೆದರು. ಒಬ್ಬೊಬ್ಬರನ್ನೇ ಎಚ್‌ಆರ್ ರೂಮಿಗೆ ಕರೆದು, ಮೊದಲೇ ಟೈಪ್ ಮಾಡಿಟ್ಟಿದ್ದ ಇಂಗ್ಲಿಷ್ ಕಾಗದ ಮುಂದಿಟ್ಟು, 'ಸೈನ್ ಹಾಕಿ, ಪಿಎಫ್ ಬೇಗ ಸಿಗುತ್ತೆ' ಅಂದರು. ಪಕ್ಕದ ಮಷೀನಿನ ಗೆಳತಿ ಹಾಕಿದಳು. ಮಗನಿಗೆ ತೋರಿಸಿ ಹಾಕುತ್ತೇನೆಂದು ನಾನು ಎದ್ದು ಬಂದೆ. ಅದು ರಾಜೀನಾಮೆ ಪತ್ರ.

ನನ್ನ 12,400 ರೂಪಾಯಿ ಸಂಬಳದಲ್ಲಿ ತಿಂಗಳಿಗೆ 93 ರೂಪಾಯಿ ಇಎಸ್‌ಐ ಎಂಬ ಕಾರ್ಮಿಕರ ವಿಮೆಗೆ ಹೋಗುತ್ತಿತ್ತು. ಅದು ಆಸ್ಪತ್ರೆಗೆ ಮಾತ್ರ ಎಂದೇ ತಿಳಿದಿದ್ದೆವು. ಕೆಲಸ ಹೋದರೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಸರಾಸರಿ ದಿನಗೂಲಿಯ ಅರ್ಧ, 90 ದಿನ ಸಿಗುತ್ತದೆಂದು ಗೊತ್ತಾಗಿದ್ದು ಆಮೇಲೆ. ಎರಡು ವರ್ಷ ವಿಮೆಯಲ್ಲಿರಬೇಕು, ಕೆಲಸ ಹೋಗುವ ಮುಂಚಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿರಬೇಕು. ನನಗೆ ಸುಮಾರು 18,000 ರೂಪಾಯಿ ಬಂತು. ಮನೆ ಬಾಡಿಗೆಗೆ ಆಸರೆಯಾಯಿತು. ಗೆಳತಿಗೆ ಏನೂ ಇಲ್ಲ. ತಾನಾಗಿ ಬಿಟ್ಟವರಿಗೆ ಈ ಭತ್ಯೆ ಇಲ್ಲವಂತೆ.

ಆದರೆ ಆ 90 ದಿನ ಇಡೀ ಜೀವಮಾನಕ್ಕೆ. 91ನೇ ದಿನ ನಾನೂ ಅವಳೂ ಒಂದೇ.

ಮುಂದೇನು ಎಂದು ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳಿದಾಗ, ಅಲ್ಲಿನ ಹೆಣ್ಣುಮಗಳೊಬ್ಬಳು ತಾಳ್ಮೆಯಿಂದ ಬಿಡಿಸಿ ಹೇಳಿದಳು. 2005ರ ಏಪ್ರಿಲ್ 1ರಿಂದಲೇ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಇದೆ. ಅದರಲ್ಲಿ 24 ತಿಂಗಳವರೆಗೆ ಭತ್ಯೆ: ಮೊದಲ ವರ್ಷ ಅರ್ಧ ಕೂಲಿ, ಎರಡನೇ ವರ್ಷ ಕಾಲು ಭಾಗ. ಜೊತೆಗೆ ಮನೆಯವರಿಗೂ ಚಿಕಿತ್ಸೆ. ನಮ್ಮ ಯಜಮಾನರ ಶುಗರ್ ಮಾತ್ರೆ ನೆನಪಾಗಿ ಜೀವ ಬಂದಂತಾಯಿತು. ಆದರೆ ಕೆಲಸ ಹೋಗಿದ್ದು ಫ್ಯಾಕ್ಟರಿ ಮುಚ್ಚಿದ್ದಕ್ಕೋ ಕಾನೂನು ಪ್ರಕಾರ ರಿಟ್ರೆಂಚ್‌ಮೆಂಟ್, ಅಂದರೆ ಮಾಲೀಕರೇ ಆಳು ಕಡಿತ ಮಾಡಿದ್ದು, ಆಗಿದ್ದಕ್ಕೋ ಎಂಬ ದಾಖಲೆ ಬೇಕು. ನಮ್ಮ ಫ್ಯಾಕ್ಟರಿ ಮುಚ್ಚಿಲ್ಲ, ಬೇರೆ ಲೈನುಗಳು ಓಡುತ್ತಿವೆ. ರಿಟ್ರೆಂಚ್‌ಮೆಂಟ್ ಎಂದು ಬರೆದುಕೊಟ್ಟರೆ ನೋಟಿಸು, ಪರಿಹಾರ ಕೊಡಬೇಕಾಗುತ್ತದೆ, ಹಾಗಾಗಿ ಮಾಲೀಕರು ಬರೆದುಕೊಡುವುದಿಲ್ಲ.

ಪ್ರತಿ ತಿಂಗಳು ಇಎಸ್‌ಐ ವಂತಿಗೆ ತುಂಬುವಾಗ, ಆ ತಿಂಗಳು ಕೆಲಸ ಮಾಡದವರ ಹೆಸರಿನ ಮುಂದೆ ಮಾಲೀಕರೇ ಕಾರಣದ ಅಂಕಿ ಹಾಕುತ್ತಾರೆ. 2 ಅಂದರೆ ಕೆಲಸ ಬಿಟ್ಟವರು, 10 ಅಂದರೆ ರಿಟ್ರೆಂಚ್‌ಮೆಂಟ್, 11 ಅಂದರೆ ಕೆಲಸವಿಲ್ಲ. ಗೆಳತಿಗೆ 2 ಬಿದ್ದಿತ್ತು, ನನಗೆ 11. ನಮ್ಮ ಲೈನಿನಲ್ಲಿ ನಾನು ವಿಚಾರಿಸಿದವರಲ್ಲಿ ಒಬ್ಬರಿಗೂ 10 ಇಲ್ಲ. 14 ವರ್ಷ ನಮ್ಮ ಕೂಲಿಯಲ್ಲಿ ಹಣ ಹಿಡಿದವರು ಕೊನೆಗೆ ಯಾವ ಅಂಕಿ ಒತ್ತಿದರೆಂದು ನಮಗೆ ತಿಳಿಸುವವರೇ ಇಲ್ಲ.

ಆ ಅಂಕಿ ಹಾಕಿದ ದಿನವೇ ಕಾರ್ಮಿಕರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಬರಬೇಕು. ತಪ್ಪಿದ್ದರೆ ತಕರಾರು ಸಲ್ಲಿಸಲು ಒಂದು ತಿಂಗಳು ಕೊಡಬೇಕು. ಒಂದು ಲೈನಿಗೆ ಲೈನೇ ಒಂದೇ ವಾರದಲ್ಲಿ 'ರಾಜೀನಾಮೆ' ಕೊಟ್ಟರೆ ಕಾರ್ಮಿಕ ಇಲಾಖೆ ತಾನಾಗಿ ಬಂದು ವಿಚಾರಿಸಬೇಕು. ನಿಜವಾದ ಕಡಿತವೆಂದು ಕಂಡರೆ 24 ತಿಂಗಳ ಭತ್ಯೆಗೆ ನಮ್ಮನ್ನೂ ಸೇರಿಸಬೇಕು.

ಗೆಳತಿ ಈಗ ಎರಡು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ. ಅವಳು ಸಹಿ ಹಾಕಿದ ಕಾಗದದ ಒಂದು ಪ್ರತಿಯನ್ನೂ ಅವಳಿಗೆ ಕೊಟ್ಟಿಲ್ಲ.

– ಒಬ್ಬ ಗಾರ್ಮೆಂಟ್ಸ್ ಟೈಲರ್, ಪೀಣ್ಯ, ಬೆಂಗಳೂರು