ಭಾನುವಾರ ಕೆರೆಯಲ್ಲಿ ಗಾಳ: ಬರುವವರು ಓದಿ

ಬೆಳಿಗ್ಗೆ 6ಕ್ಕೆ ತೂಬಿನ ಹತ್ತಿರ ಸೇರೋಣ. ಗುತ್ತಿಗೆದಾರರು ಒಪ್ಪಿದ್ದಾರೆ, ಗಾಳ ಮಾತ್ರ, ಬಲೆ ಬೇಡ.

ಮೇವಿಗೆ ರಾಗಿ ಹಿಟ್ಟು 2 ಪಾಲು, ಕಡಲೆಕಾಯಿ ಹಿಂಡಿ ಪುಡಿ 1 ಪಾಲು. ಬಿಸಿನೀರು ಚೂರುಚೂರೇ ಹಾಕಿ ಮುದ್ದೆಗಿಂತ ಗಟ್ಟಿಯಾಗಿ ನಾದಿ. ನೀರು ಜಾಸ್ತಿಯಾದರೆ ಉಂಡೆ ಎಸೆಯುವಾಗಲೇ ಉದುರುತ್ತೆ.

ಕೊಕ್ಕೆಯಿಂದ 2 ಇಂಚು ಮೇಲೆ ಸೀಸ ಕಟ್ಟಿ, ಅದು ತಳ ಮುಟ್ಟುವಂತೆ ಬೆಂಡು ಸರಿಸಿ. ಬೆಂಡು ಪಟಪಟ ಕುಣಿದರೆ ಜಿಲೇಬಿ ಮೀನಿನ (ತಿಲಾಪಿಯಾ) ಮರಿ ಕೆದಕುತ್ತಿರುತ್ತೆ, ಎಳೆಯಬೇಡಿ. ಬೆಂಡು ಮೇಲೆದ್ದು ಅಡ್ಡ ಮಲಗಿತೋ, ಗೆಂಡೆ ಮೀನು ಮೇವಿನ ಜೊತೆ ಸೀಸವನ್ನೂ ಎತ್ತಿದೆ ಅಂತಲೇ ಲೆಕ್ಕ. ಆಗ ಮಣಿಕಟ್ಟಿನಿಂದ ಎತ್ತಿದರೆ ಸಾಕು. ಜೋರಾಗಿ ಜಗ್ಗಿದರೆ ತುಟಿ ಹರಿಯುತ್ತೆ.

ಬಿಡುವ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ, ಒಣ ಕೈಗೆ ಅದರ ಲೋಳೆ ಕಿತ್ತು ಬರುತ್ತೆ. ದಯವಿಟ್ಟು ತುಂಡು ನೈಲಾನ್ ದಾರ ಒಂದು ಗೇಣೂ ದಂಡೆಯಲ್ಲಿ ಬಿಡಬೇಡಿ, ಕೊಕ್ಕರೆ ಕಾಲಿಗೆ ಸುತ್ತಿಕೊಳ್ಳುತ್ತೆ.