ಶನಿವಾರದ ಪೌರನೀತಿ ಅವಧಿ: ಈ ಸಲವೂ ಅಪ್ಪಿಕೋ

ನಮಸ್ಕಾರ ಎಲ್ಲರಿಗೂ. ಒಂಬತ್ತನೇ ತರಗತಿ ತೆಗೆದುಕೊಳ್ಳುವವರಿಗೆ ಒಂದು ಮಾತು.

ಮೂಲಭೂತ ಕರ್ತವ್ಯಗಳನ್ನು ಸುಮ್ನೆ ಬಾಯಿಪಾಠ ಮಾಡಿಸುವುದು ಬೇಡ. 1976ರಲ್ಲಿ ಸಂವಿಧಾನಕ್ಕೆ ಸೇರಿದ 51ಎ ವಿಧಿಯಲ್ಲಿ ಕಾಡು, ಕೆರೆ, ನದಿ ಕಾಪಾಡುವ ಮಾತಿದೆ. ಅಷ್ಟು ಹೇಳಿ ನೇರ ನಮ್ಮ ಶಿರಸಿಯ ಸಾಲ್ಕಣಿ ಕಾಡಿಗೆ ಬನ್ನಿ. 1983ರ ಸೆಪ್ಟೆಂಬರಿನಲ್ಲಿ ಅಲ್ಲಿ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದರು; ಅದೇ ಅಪ್ಪಿಕೋ ಚಳವಳಿ. ಆ ಕಡಿತಕ್ಕೆ ಸರ್ಕಾರದ ಒಪ್ಪಿಗೆ ಇತ್ತು.

ಕಳೆದ ವಾರ ಇಷ್ಟು ಹೇಳಿ ಸುಮ್ಮನಾದೆ. ಹಿಂದಿನ ಬೆಂಚಿನ ಹುಡುಗಿ ಪೆನ್ನಿನ ಕ್ಯಾಪು ಕಚ್ಚುತ್ತಾ, "ಒಪ್ಪಿಗೆ ಇದ್ದಿದ್ದನ್ನ ತಡೆಯೋದು ತಪ್ಪಲ್ವಾ ಸರ್?" ಅಂದಳು. ಪಕ್ಕದವಳು ತಿರುಗಿ, "ಹಾಗಾದ್ರೆ 1930ರಲ್ಲಿ ಅಂಕೋಲೆಯಲ್ಲಿ ಬ್ರಿಟಿಷರ ಕಾನೂನು ಮುರಿದು ಉಪ್ಪು ಮಾಡಿದ್ದೂ ತಪ್ಪಾ?" ಅಂತ ಕೇಳಿದಳು. ನನಗೆ ಮೈ ಜುಮ್ಮೆಂದಿತು. ಪುಸ್ತಕದಲ್ಲಿ ಇಲ್ಲದ ಪಾಠ ಅದು.

ಇಂಥ ಹೊತ್ತಲ್ಲಿ ದಯವಿಟ್ಟು ನೀವೇ ಉತ್ತರ ಹೇಳಿಬಿಡಬೇಡಿ. ಎರಡು ನಿಮಿಷ ಕಾಯಿರಿ. ಮಾತಾಡಲು ಹಿಂಜರಿಯುವ ಮಕ್ಕಳಿಗೆ ಚೀಟಿ ಕೊಡಿ. ಹೆಸರು ಬೇಡ, "ನಾನಾಗಿದ್ದರೆ ಏನು ಮಾಡುತ್ತಿದ್ದೆ" ಅಂತ ಬರೆಯಲಿ. ಅದಕ್ಕೆ ಅಂಕ ಹಾಕುವುದು ಬೇಡವೇ ಬೇಡ.

ಅಪ್ಪಿಕೋ ದಿನಗಳನ್ನು ಕಂಡ ಅಜ್ಜ, ಅಜ್ಜಿ ಮನೆಯಲ್ಲಿದ್ದರೆ ಕೇಳಿಕೊಂಡು ಬರಲು ಮಕ್ಕಳಿಗೆ ಇವತ್ತೇ ತಿಳಿಸಿ. ಚೀಟಿ ನಾನು ತರುತ್ತೇನೆ.